ಜಾಮೀನಿಗೆ ಒಂದು ಸಹಿ: ನಮ್ಮೂರಿನವರ ಹೋಟೆಲಿಗೆ ಸಾಲ ಹುಟ್ಟುವುದು ಹೇಗೆ?

ಡೊಂಬಿವಲಿಯಿಂದ ನನಗೆ ಬಂದ ಒಂದು ಫೋನ್ ಕರೆಯಿಂದ ಇವತ್ತಿನ ಮಾತು ಶುರುಮಾಡ್ತೀನಿ. ಹನ್ನೆರಡು ವರ್ಷ ಬೇರೆಯವರ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ನಿಂತ ನಮ್ಮೂರಿನ ಅಣ್ಣ ಒಬ್ಬರಿಗೆ ಸ್ಟೇಷನ್ ಹತ್ತಿರ ಸಣ್ಣ ಜಾಗ ಬಾಡಿಗೆಗೆ ಸಿಕ್ಕಿತ್ತು. 8 ಲಕ್ಷ ಸಾಲ ಬೇಕು. ದೊಡ್ಡ ಬ್ಯಾಂಕಿನವರು ಮೂರು ವರ್ಷದ ಐಟಿ ರಿಟರ್ನ್ ಕೇಳಿದರಂತೆ, ಆಸ್ತಿ ಪತ್ರ ಕೇಳಿದರಂತೆ. ಎರಡೂ ಇಲ್ಲ. "ಸಹಕಾರಿ ಬ್ಯಾಂಕಲ್ಲಿ ಕೊಡ್ತಾರೆ, ನೀವೊಂದು ಜಾಮೀನು ಸಹಿ ಹಾಕ್ತೀರಾ?" ಅಂದರು. ಐರೋಲಿ, ಮಹಾಪೆಯಲ್ಲಿ ಕೆಲಸ ಮಾಡುವ, ಸಂಬಳದ ಸ್ಲಿಪ್ ಇರುವ ನಮ್ಮಂಥವರಿಗೆ ಇಂಥ ಕರೆ ಒಂದಲ್ಲ ಒಂದು ದಿನ ಬಂದೇ ಬರುತ್ತೆ.

ಈ ಸಮಸ್ಯೆ ಹೊಸದಲ್ಲ. ಮುಂಬೈಗೆ ಬಂದ ನಮ್ಮವರು ಇದಕ್ಕೆ ತಾವೇ ಉತ್ತರ ಹುಡುಕಿಕೊಂಡರು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರು ಚಿತ್ರಾಪುರ ಸಾರಸ್ವತರಿಗಾಗಿ ಕಟ್ಟಿದ ಶಾಮರಾವ್ ವಿಠಲ್ ಸಹಕಾರ ಸಂಘವೇ ಇಂದಿನ ಎಸ್‌ವಿಸಿ ಬ್ಯಾಂಕ್. 1978ರಲ್ಲಿ ಬಿಲ್ಲವರ ಅಸೋಸಿಯೇಷನ್ ಭಾರತ್ ಬ್ಯಾಂಕ್ ಕಟ್ಟಿತು. ಡೊಂಬಿವಲಿ, ಥಾಣೆ, ಕಲ್ಯಾಣದ ಮರಾಠಿ ಜನ 1970ರಿಂದ 73ರೊಳಗೆ ತಮ್ಮ ಊರಿನ ಹೆಸರಲ್ಲೇ ಸಹಕಾರಿ ಬ್ಯಾಂಕುಗಳನ್ನು ಕಟ್ಟಿಕೊಂಡರು.

ಆಸ್ತಿ ಇಲ್ಲದವನಿಗೆ ಇವರು ಯಾವ ಧೈರ್ಯದ ಮೇಲೆ ಸಾಲ ಕೊಡ್ತಾರೆ? ಮೂರು ಸಂಗತಿ ನೋಡಿ.

ಮೊದಲನೆಯದು ಪಿಗ್ಮಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಕರಾವಳಿಯಲ್ಲಿ ಶುರುಮಾಡಿದ್ದು, ದಿನಕ್ಕೆ ಎರಡಾಣೆಯಿಂದ. ಗಲ್ಲಾಪೆಟ್ಟಿಗೆಗೆ ದುಡ್ಡು ದಿನಾ ಬರುವವನು ದಿನಾ ಕಟ್ಟಬಹುದು. ಒಂದು ವರ್ಷದ ಪಿಗ್ಮಿ ಪುಸ್ತಕ ಅಂದ್ರೆ 365 ದಿನದ ಡೇಟಾ. ಸಿಬಿಲ್ ಸ್ಕೋರ್ ಹುಟ್ಟುವ ಎಷ್ಟೋ ಮೊದಲೇ ಇತ್ತು ಈ ಸ್ಕೋರ್!

ಎರಡನೆಯದು ಷೇರು. ಸಹಕಾರಿ ಬ್ಯಾಂಕಿನಲ್ಲಿ ಭದ್ರತೆ ಇಲ್ಲದ ಸಾಲಕ್ಕೆ ಸಾಮಾನ್ಯವಾಗಿ 5%, ಭದ್ರತೆ ಇದ್ದರೆ 2.5% ಮೊತ್ತದ ಷೇರು ಕೊಳ್ಳಬೇಕು. ಭದ್ರತೆ ಇಲ್ಲದೆ 8 ಲಕ್ಷ ತೆಗೆದರೆ 40,000 ರೂಪಾಯಿಯ ಷೇರು. ಸಾಲಗಾರ ಸದಸ್ಯನಾಗ್ತಾನೆ. ಷೇರು ಎಷ್ಟೇ ಇರಲಿ, ವೋಟು ಒಂದೇ.

ಮೂರನೆಯದು ಜಾಮೀನು. ಇಲ್ಲೇ ನಾವು ಸಿಕ್ಕಿಕೊಳ್ಳುವುದು. "ಬರೀ ಸಹಿ ಅಷ್ಟೇ" ಅಂತಾರೆ, ಅಲ್ಲ. ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಕಂತು ತಪ್ಪಿದರೆ ಬ್ಯಾಂಕು ನೇರ ನಿಮ್ಮ ಹತ್ತಿರ ಬರಬಹುದು. ನಾಳೆ ನೀವು ಮನೆ ಸಾಲಕ್ಕೆ ಹೋದಾಗ ಈ ಜಾಮೀನೂ ನಿಮ್ಮ ಸಿಬಿಲ್ ವರದಿಯಲ್ಲಿ ಕಾಣುತ್ತೆ.

ಅಂದ್ರೆ ಇಡೀ ವ್ಯವಸ್ಥೆ ನಿಂತಿರೋದು ಒಬ್ಬರನ್ನೊಬ್ಬರು ಬಲ್ಲೆವು ಎನ್ನುವುದರ ಮೇಲೆ. ಅದರ ಬಲವೂ ಅದೇ, ಅಪಾಯವೂ ಅದೇ. "ನಮ್ಮವರು" ಅಂತ ಲೆಕ್ಕ ಕೇಳುವುದನ್ನು ಬಿಟ್ಟ ದಿನ ನಂಬಿಕೆ ಕುರುಡಾಗುತ್ತೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1968ರಲ್ಲಿ ದುಡಿಯುವವರಿಗಾಗಿ ಕಟ್ಟಿದ ಬ್ಯಾಂಕು ಮುಂದೆ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಆಯಿತು. 2025ರ ಫೆಬ್ರವರಿಯಲ್ಲಿ ಆರ್‌ಬಿಐ ಅದರ ಮೇಲೆ ನಿರ್ಬಂಧ ಹೇರಿತು, ಆಗಸ್ಟಿನಲ್ಲಿ ಅದು ಸಾರಸ್ವತ್ ಬ್ಯಾಂಕಿನಲ್ಲಿ ವಿಲೀನವಾಯಿತು. ಠೇವಣಿಗೆ ವಿಮೆ ಇರೋದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ, ನೆನಪಿರಲಿ.

ಹಾಗಾದ್ರೆ ನಾನು ಸಹಿ ಹಾಕಿದೆನಾ? ಮೊದಲು ಅಣ್ಣನ ಹತ್ತಿರ ಮೂರು ಕೇಳಿದೆ: ಪಿಗ್ಮಿ ಪುಸ್ತಕ, ಬೇರೆ ಚೀಟಿ-ಭಿಶಿಯ ಬಾಕಿ, ಜಾಗದ ಕರಾರು. ಪುಸ್ತಕ ಚೆನ್ನಾಗಿತ್ತು, ಬಾಕಿ ಇರಲಿಲ್ಲ. ಆದರೆ ಸಾಲದ ಕಂತು 5 ವರ್ಷ, ಬಾಡಿಗೆ ಕರಾರು 3 ವರ್ಷ! ಕೊನೆಯ ಎರಡು ವರ್ಷ ಅಂಗಡಿಯೇ ಕೈತಪ್ಪಿದರೆ ಕಂತು ಯಾರು ಕಟ್ಟೋದು? ಅಣ್ಣನಿಗೆ ಮೊದಲು ಬೇಜಾರಾಯಿತು. ಆದ್ರೂ ಹೋಗಿ ಮಾಲೀಕರ ಹತ್ತಿರ ಮಾತಾಡಿ, 5 ವರ್ಷಕ್ಕೆ ಕರಾರು ಬರೆಸಿ ನೋಂದಣಿ ಮಾಡಿಸಿಕೊಂಡು ಬಂದರು. ಆಮೇಲೆ ಸಹಿ ಹಾಕಿದೆ.

ಕೇಳೋದು ಅನುಮಾನ ಅಲ್ಲ. ನಾನು ಕೇಳದೆ ಸಹಿ ಹಾಕಿದ್ದರೆ ಆ ಎರಡು ವರ್ಷ ನಮ್ಮಿಬ್ಬರ ತಲೆ ಮೇಲೂ ತೂಗ್ತಿತ್ತು. ಮುಂದಿನ ಮಾತಿನಲ್ಲಿ ಸಿಗೋಣ.