ಯಾವ ಹಬ್ಬಕ್ಕೆ ಬಲಿಪೂಜೆ ಕಡ್ಡಾಯ?

ಊರಿನಲ್ಲಿ ಚರ್ಚಿನ ಗಂಟೆ ಕೇಳಿ ಬೆಳೆದ ನಮ್ಮ ಯುವಜನರು ಇಂದು ಉದ್ಯೋಗಕ್ಕಾಗಿ ಘಟ್ಟದ ಮೇಲೆ ನೆಲೆಸಿದ್ದಾರೆ. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಗೆ ಹೋಗುವ ಹೆದ್ದಾರಿಯಲ್ಲಿರುವ ಪೆರೇಸಂದ್ರದಂಥ ಊರಿನಲ್ಲಿ ದುಡಿಯುವವರಿಗೆ ಹಬ್ಬದ ದಿನ ರಜೆ ಸಿಗದಿದ್ದರೆ, ಪೂಜೆ ತಪ್ಪಿಸಿದ್ದು ಪಾಪವಾಯಿತೇ ಎಂಬ ಅಳುಕು ಸಹಜ.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1246ನೇ ವಿಧಿಯು ಭಾನುವಾರಗಳ ಜೊತೆಗೆ 10 ಹಬ್ಬಗಳನ್ನು ಕಡ್ಡಾಯವೆಂದು ಹೆಸರಿಸುತ್ತದೆ. ಆದರೆ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಯು ವ್ಯಾಟಿಕನ್‌ನ ಅನುಮತಿಯೊಂದಿಗೆ ಕೆಲವನ್ನು ಕೈಬಿಡಬಹುದು, ಇಲ್ಲವೇ ಭಾನುವಾರಕ್ಕೆ ಸೇರಿಸಬಹುದು. ಭಾರತದ ಲ್ಯಾಟಿನ್ ರೀತಿಯವರಾದ ನಮಗೆ ಭಾನುವಾರಗಳ ಹೊರತು ಉಳಿದಿರುವುದು ಎರಡೇ: ಡಿಸೆಂಬರ್ 25ರ ಕ್ರಿಸ್ಮಸ್ ಮತ್ತು ಆಗಸ್ಟ್ 15ರ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ ಈ ಪಟ್ಟಿಯಲ್ಲಿಲ್ಲ ಎಂದರೆ ಕರಾವಳಿಯ ಹಿರಿಯರು ನಂಬಲಿಕ್ಕಿಲ್ಲ! ಹೂ ಹಿಡಿದ ಮಕ್ಕಳು, ಹೊಸ ತೆನೆ, ಮನೆಮಂದಿಯ ಊಟ, ಎಲ್ಲವೂ ಭಕ್ತಿಯಿಂದ ಬಂದದ್ದು, ಕಾನೂನಿನಿಂದಲ್ಲ. ಶುಭ ಶುಕ್ರವಾರವೂ ಕಡ್ಡಾಯ ಹಬ್ಬವಲ್ಲ. ಅಂದು ಬಲಿಪೂಜೆಯೇ ಇಲ್ಲ.

ಹಿಂದಿನ ದಿನದ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಕರ್ತವ್ಯ ಪೂರ್ಣವಾಗುತ್ತದೆ. ಪೂಜೆ ಕನ್ನಡದಲ್ಲಿರಲಿ, ತಮಿಳಿನಲ್ಲಿರಲಿ, ಸಿರೋ-ಮಲಬಾರ್ ರೀತಿಯದ್ದಾಗಿರಲಿ, ಅಡ್ಡಿಯಿಲ್ಲ. ಆದರೆ ಒಂದೇ ಪೂಜೆಯಿಂದ ಎರಡು ಕರ್ತವ್ಯ ತೀರದು. 2026ರ ಆಗಸ್ಟ್ 15 ಶನಿವಾರ. ಅಂದು ಹಬ್ಬಕ್ಕೊಂದು, ಮರುದಿನದ ಭಾನುವಾರಕ್ಕೊಂದು ಪೂಜೆ ಬೇಕು. ಧ್ವಜಾರೋಹಣ ಮುಗಿಸಿ ಮನೆಗೆ ಹೋಗುವವರು ಇದನ್ನು ಗಮನಿಸಬೇಕು.

ಇನ್ನು ನಿಜವಾಗಿಯೂ ಬರಲಾಗದವರ ವಿಷಯ. ರೋಗಿಗಳು, ಹಸುಗೂಸಿನ ಆರೈಕೆಯಲ್ಲಿರುವ ತಾಯಂದಿರು, ಪಾಳಿ ಬಿಡಲಾಗದ ದಾದಿಯರು, ಪೂಜೆಯೇ ದೊರಕದ ಊರಿನಲ್ಲಿರುವವರು ತಪ್ಪಿತಸ್ಥರಲ್ಲ. ಅಂಥವರು ಒಬ್ಬರೇ ಆಗಲಿ, ಕುಟುಂಬದೊಂದಿಗಾಗಲಿ ಸಾಕಷ್ಟು ಹೊತ್ತು ಪ್ರಾರ್ಥಿಸಬೇಕೆಂದು 1248ನೇ ವಿಧಿ ಬಲವಾಗಿ ಸೂಚಿಸುತ್ತದೆ. ನಿದ್ದೆ, ಕ್ರಿಕೆಟ್, ಔತಣ ಈ ಸಾಲಿಗೆ ಸೇರವು ಎಂದು ಬೇರೆ ಹೇಳಬೇಕಾಗಿಲ್ಲ.

ಸಂಶಯವಿದ್ದರೆ ಗುರುಗಳನ್ನು ಕೇಳಿ. ನ್ಯಾಯವಾದ ಕಾರಣವಿದ್ದಾಗ ವಿನಾಯಿತಿ ನೀಡಲು, ಇಲ್ಲವೇ ಬದಲಿಗೆ ಬೇರೊಂದು ಭಕ್ತಿಕಾರ್ಯ ಸೂಚಿಸಲು 1245ನೇ ವಿಧಿಯು ಧರ್ಮಕೇಂದ್ರದ ಗುರುಗಳಿಗೆ ಅಧಿಕಾರ ಕೊಟ್ಟಿದೆ. ಇದಕ್ಕಾಗಿ ಊರಿನ ವಿಗಾರರಿಗೆ ಫೋನ್ ಮಾಡಬೇಕಾಗಿಲ್ಲ. ಒಂದು ಧರ್ಮಕೇಂದ್ರದ ವ್ಯಾಪ್ತಿಯಲ್ಲಿ 3 ತಿಂಗಳು ವಾಸವಾಗಿದ್ದರೆ ಅಲ್ಲಿಯ ಗುರುಗಳೇ ನಿಮ್ಮ ಗುರುಗಳು. ಪೆರೇಸಂದ್ರದಲ್ಲಿರುವವರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ. ಮನೆ ಬದಲಿಸಿದ ಮಕ್ಕಳ ಹೆಸರನ್ನು ಅಲ್ಲಿಯ ಧರ್ಮಕೇಂದ್ರದಲ್ಲಿ ಬರೆಸಲು ಗುರಿಕಾರರೂ ಹೆತ್ತವರೂ ನೆನಪಿಸಬೇಕೆಂದು ಕೋರುತ್ತೇವೆ.