ಬಚ್ಚಲ ನೀರು ಮತ್ತು ಊರ ಕೆರೆ: ಮನೆಯಲ್ಲಿಯೇ ತಯಾರಿಸಬಹುದಾದ ಶುಚಿಕಾರಕಗಳು

ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರನ್ನು ನಲ್ಲಿಯ ಮೂಲಕ ಒದಗಿಸುವುದು ಜಲ ಜೀವನ್ ಮಿಷನ್‌ನ ಗುರಿ. ಈ ನೀರಿನ ಬಹುಪಾಲು ಸ್ನಾನ, ಬಟ್ಟೆ, ಪಾತ್ರೆಗೆ ಬಳಕೆಯಾಗಿ ಬೂದು ನೀರಾಗಿ ಚರಂಡಿ ಸೇರುತ್ತದೆ. ಚರಂಡಿಯ ಇಳಿಜಾರಿನ ಕೊನೆಯಲ್ಲಿರುವುದು ಸಾಮಾನ್ಯವಾಗಿ ಊರ ಕೆರೆ. ದೊಡ್ಡಬಳ್ಳಾಪುರದ ಅರ್ಕಾವತಿ ಸಾಲಿನಲ್ಲಾಗಲಿ, ಹೊಸಕೋಟೆಯ ದಕ್ಷಿಣ ಪಿನಾಕಿನಿ ಸಾಲಿನಲ್ಲಾಗಲಿ, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ಆದುದರಿಂದ ಒಂದು ಊರಿನ ಸೋಪಿನ ನೀರು ಮುಂದಿನ ಊರಿಗೂ ತಲುಪುತ್ತದೆ. ಮಾರ್ಜಕಗಳು ಸೇರಿದ ಕೆರೆಯ ಸ್ಥಿತಿಗೆ, 2015ರಲ್ಲಿ ರಸ್ತೆಯ ಮೇಲೆ ನೊರೆ ಹಾರಿಸಿದ ಬೆಂಗಳೂರಿನ ಬೆಳ್ಳಂದೂರು ಕೆರೆ ನಿದರ್ಶನವಾಗಿದೆ.

ಮಾರ್ಜಕದ ಪ್ರಮಾಣವನ್ನು ಮನೆಯಲ್ಲಿಯೇ ತಗ್ಗಿಸಲು ಹಳೆಯ ದಾರಿ ಅಂಟುವಾಳ. ಬೀಜ ತೆಗೆದ 15ರಿಂದ 20 ಕಾಯಿಗಳ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಬೇಕು. ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ಅಂಶವೇ ನೊರೆ ಬರಿಸಿ ಜಿಡ್ಡು ಬಿಡಿಸುತ್ತದೆ. ಈ ದ್ರಾವಣ ಎರಡು ಮೂರು ದಿನಗಳಲ್ಲಿ ಹುಳಿಯುವುದರಿಂದ ಅಗತ್ಯವಿರುವಷ್ಟನ್ನೇ ತಯಾರಿಸುವುದು ಒಳಿತು. ಕಣ್ಣಿಗೆ ತಾಗದಂತೆ ಎಚ್ಚರ ವಹಿಸಬೇಕು.

ನೆಲ ಒರೆಸಲು ಹಣ್ಣಿನ ಸಿಪ್ಪೆಯ ಹುದುಗು ದ್ರಾವಣವನ್ನು ಬಳಸಬಹುದು. ಬೆಲ್ಲ 100 ಗ್ರಾಂ, ನಿಂಬೆ, ಮೂಸಂಬಿ ಅಥವಾ ದೇವನಹಳ್ಳಿಯ ಚಕ್ಕೋತದ ಸಿಪ್ಪೆ 300 ಗ್ರಾಂ, ನೀರು ಒಂದು ಲೀಟರ್. ಇವನ್ನು ಎರಡು ಲೀಟರ್‌ನ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮೂರು ತಿಂಗಳು ನೆರಳಿನಲ್ಲಿಡಬೇಕು. ಹುದುಗುವಾಗ ಅನಿಲ ಉತ್ಪತ್ತಿಯಾಗುವುದರಿಂದ ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಬೇಕು. ಗಾಜಿನ ಬಾಟಲಿಯಾದರೆ ಸಿಡಿಯುವ ಅಪಾಯವಿದೆ. ಸೋಸಿದ ದ್ರಾವಣ ಅರ್ಧ ಲೋಟದಷ್ಟು ಒಂದು ಬಕೆಟ್ ನೀರಿಗೆ ಸಾಕು.

‘ನೈಸರ್ಗಿಕ’ ಎಂದ ಮಾತ್ರಕ್ಕೆ ಇವು ಕೆರೆಗೆ ನಿರಪಾಯಕಾರಿಯಲ್ಲ. ಸಪೋನಿನ್ ಮೀನುಗಳಿಗೆ ವಿಷ. ಹುದುಗು ದ್ರಾವಣದಲ್ಲಿರುವ ಸಾವಯವ ಅಂಶ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಕೆರೆ ಶುದ್ಧವಾಗಲೆಂದು ಡಬ್ಬಿಗಟ್ಟಲೆ ದ್ರಾವಣ ಸುರಿಯುವ ಕಾರ್ಯಕ್ರಮಗಳು ಸದುದ್ದೇಶದವೇ ಆದರೂ ಅವನ್ನು ಪ್ರೋತ್ಸಾಹಿಸಬಾರದು. ಯಾವ ಮಾರ್ಜಕ ಬಳಸಿದರೂ ಬಚ್ಚಲ ನೀರು ಇಂಗುಗುಂಡಿಗೋ ಬಾಳೆ, ತೆಂಗಿನ ಬುಡಕ್ಕೋ ಹೋಗಬೇಕು. ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) 2ನೇ ಹಂತದಲ್ಲಿ ಬೂದು ನೀರು ನಿರ್ವಹಣೆಯೂ ಸೇರಿರುವುದರಿಂದ, ಇಂಗುಗುಂಡಿಯಿಲ್ಲದ ಮನೆಗಳ ಪಟ್ಟಿಯನ್ನು ವಾರ್ಡುವಾರು ಸಿದ್ಧಪಡಿಸಿ ಕ್ರಿಯಾಯೋಜನೆಯಲ್ಲಿ ಸೇರಿಸಬಹುದು. ತಯಾರಿಕೆಯ ಪ್ರಾತ್ಯಕ್ಷಿಕೆಗೆ ಸಂಜೀವಿನಿ ಒಕ್ಕೂಟದ ಮಾಸಿಕ ಸಭೆ ಸೂಕ್ತ ವೇದಿಕೆ.

ಇವು ಸೋಂಕುನಿವಾರಕಗಳಲ್ಲ. ಕುಡಿಯುವ ನೀರಿನ ತೊಟ್ಟಿಗೆ ಕ್ಲೋರಿನೀಕರಣ ಎಂದಿನಂತೆ ಮುಂದುವರಿಯಬೇಕು. ಅತಿ ಮುಖ್ಯವಾಗಿ, ಸಿಪ್ಪೆಯ ದ್ರಾವಣ ಆಮ್ಲೀಯವಾದುದರಿಂದ ಬ್ಲೀಚಿಂಗ್ ಪುಡಿಯೊಂದಿಗೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಇದು ಪ್ರಾಣಕ್ಕೇ ಅಪಾಯ. ಎರಡನ್ನೂ ಒಂದೇ ಬಕೆಟ್‌ನಲ್ಲಿ ಬಳಸದಂತೆ, ಬೇರೆ ಬೇರೆ ಕಡೆ ಇರಿಸುವಂತೆ ನೀರುಗಂಟಿಗಳಿಗೂ ಶಾಲೆ, ಅಂಗನವಾಡಿಗಳ ಶೌಚಾಲಯ ತೊಳೆಯುವವರಿಗೂ ಸದಸ್ಯರು ಖುದ್ದಾಗಿ ತಿಳಿಸತಕ್ಕದ್ದು.