ಗ್ಯಾಲರಿಯಲ್ಲೂ ವರ್ಷವಿಡೀ ಹೂ

ಮುಂಬಯಿ: ಊರಿನಲ್ಲಿ ಅಂಗಳಕ್ಕಿಳಿದರೆ ದೇವರ ಪೂಜೆಗೆ ಹೂ. ಇಲ್ಲಿ ಫ್ಲ್ಯಾಟಿನ ಗ್ಯಾಲರಿಯೇ ಅಂಗಳ. ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ಏಳೆಂಟು ಕುಂಡಗಳಲ್ಲೇ ವರ್ಷವಿಡೀ ಹೂ ಕೊಯ್ಯಬಹುದು. ಆದರೆ ಹಬ್ಬ ಬಂದಾಗ ಗಿಡ ನೆಟ್ಟರಾಗದು. ಎರಡು-ಮೂರು ತಿಂಗಳು ಮೊದಲೇ ಲೆಕ್ಕ ಹಾಕಬೇಕು.

ದಾಸವಾಳ, ನಂದಿಬಟ್ಟಲು, ಅಬ್ಬಲಿಗೆ ಹೆಚ್ಚುಕಡಿಮೆ ಎಲ್ಲ ಕಾಲಕ್ಕೂ ಕೈಬಿಡದ ಮೂಲ ಬಂಡವಾಳ. ಡಿಸೆಂಬರಿನಲ್ಲಿ ಸವರಿದ ಮಲ್ಲಿಗೆ ಬೇಸಗೆಯಲ್ಲಿ ಮೊಗ್ಗು ಬಿಡುತ್ತದೆ. ಜೂನ್‌ನಲ್ಲಿ ಬಿತ್ತಿದ ಕರ್ಣಕುಂಡಲ ಚೌತಿಗೆ, ಜುಲೈ ಕೊನೆಗೆ ಬಿತ್ತಿದ ಗೊಂಡೆ ನವರಾತ್ರಿಗೆ, ಆಗಸ್ಟಿನಲ್ಲಿ ನೆಟ್ಟ ಸೇವಂತಿಗೆ ಚಳಿಗಾಲಕ್ಕೆ ಒದಗುತ್ತದೆ. ಕುಂಡದ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಬಾರದು. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಡುವುದು ಅಂಥಲ್ಲೇ.

ಹಬ್ಬದ ಮುನ್ನಾದಿನ ದಾದರ್ ಹೂ ಮಾರುಕಟ್ಟೆಯಲ್ಲಿ ದರ ಕೇಳಿದವರಿಗೆ ಮನೆಯ ಒಂದು ಹಿಡಿ ಹೂವಿನ ಬೆಲೆ ಗೊತ್ತು.